ಕತ್ತಿಯ ಮೇಲಿಲ್ಲದ ಗಿಣಿ

ಆ ಕತ್ತಿಯ ಹಿಡಿಕೆಯ ಮೇಲೆ ಗಿಣಿ ಇರಲಿಲ್ಲ. ಇತ್ತು ಎಂದು ಹೇಳಿದವನು ನಾನು. ಇರಲಿಲ್ಲ ಎಂದು ನಿಜ ಹೇಳಿದ ಮನುಷ್ಯನನ್ನು ಹತ್ತು ಜನರೆದುರು ಕುರುಡನನ್ನಾಗಿ ಮಾಡಿದವನೂ ನಾನೇ. ಇಷ್ಟು ವರ್ಷ ಇದನ್ನು ಹೆಂಡತಿಗೂ ಹೇಳಿಲ್ಲ. ಹೇಳಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆಮೇಲೆ ಕೇಳುತ್ತಿದ್ದಳು — ಆ ಮನುಷ್ಯನ ಗತಿ ಏನಾಯಿತು ಎಂದು. ಅದಕ್ಕೇ ಹೇಳಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಸಿಂದಗಿಯಲ್ಲಿ ಚಿತ್ರಕಲೆಯ ಮಾಸ್ತರ. ಸಿನಿಮಾದಲ್ಲಿ ಕಂಡ ಕತ್ತಿಗಳ ನಕಲು ಮಾಡಿಸಿ ಗೋಡೆಗೆ ತೂಗುಹಾಕುವ ಹುಚ್ಚು ನಮಗೆ ಹಿಡಿದಿತ್ತು. ನಾವು ಎಂದರೆ ಸುತ್ತಲಿನ ಊರುಗಳ ಹತ್ತು ಹನ್ನೆರಡು ಜನ. ಹಿರಿಯರು ಇಂಡಿ ಊರಿನ ಮಲ್ಲನಗೌಡರು. ಅವರಿಗೆ ದೊಡ್ಡ ಪಡಸಾಲೆ ಇತ್ತು, ಪಡಸಾಲೆಗೆ ಖಾಲಿ ಗೋಡೆಗಳಿದ್ದವು, ಗೌಡರಿಗೆ ಖಾಲಿ ಗೋಡೆ ಕಂಡರೆ ಆಗುತ್ತಿರಲಿಲ್ಲ. ಮುದ್ದೇಬಿಹಾಳದ ಮೌನೇಶಪ್ಪ ಬಡಿಗೇರ ಬೇವಿನ ಹಲಗೆ ಕೆತ್ತಿ, ಎಣ್ಣೆ ಡಬ್ಬಿಯ ತಗಡು ಹೊದಿಸಿ ಕತ್ತಿ ಮಾಡಿಕೊಡುತ್ತಿದ್ದ. ಅವನಿಗೆ ನಕ್ಷೆ ಬರೆದುಕೊಡುವ ಕೆಲಸ ನನ್ನದು. ಟೆಂಟ್ ಸಿನಿಮಾದ ಕತ್ತಲಲ್ಲಿ ಉಸುಕಿನ ಮೇಲೆ ಕುಳಿತು, ಪರದೆಯಿಂದ ಕಣ್ಣು ಕೀಳದೆ, ತೊಡೆಯ ಮೇಲಿನ ಹಾಳೆಯಲ್ಲಿ ಪೆನ್ಸಿಲ್ ಓಡಿಸುತ್ತಿದ್ದೆ. ನಾಯಕಿ ಅತ್ತರೆ ನಮಗೆ ಬೇಸರ. ಅಳುತ್ತಾ ಕತ್ತಿಗೆ ಅಡ್ಡ ನಿಂತರಂತೂ ಸಿಟ್ಟು.

ರುಚಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಮೊದಲು ಎಲ್ಲರಿಗೂ ಪೌರಾಣಿಕ ಸಿನಿಮಾಗಳ ಅಗಲವಾದ ಕತ್ತಿ ಬೇಕಿತ್ತು, ಬಂಗಾರದ ಬಣ್ಣದ ಬೇಗಡೆ ಹಚ್ಚಿದ್ದು. ಆಮೇಲೆ ಅರಸರ ಕಥೆಗಳು ಬಂದವು. ಬೇಗಡೆ ಹಚ್ಚಿದವನು ಗಮಾರನಾದ, ಸಿಂಹದ ಮುಖವಿರುವ ಬಾಗಿದ ಕತ್ತಿಗೆ ಕಾಲ ಬಂತು. ಸಿಂಹವೂ ಹಳತಾಗಿ ತೆಳ್ಳಗಿನ ನೇರ ಕತ್ತಿ ಬಂತು. ಬೇಡವಾದವು ಹೆಂಗಸರ ಪಾಲು. ಗೌಡರ ಮನೆಯಾಕೆ ಪೌರಾಣಿಕ ಕತ್ತಿಯಿಂದ ಹಂಡೆಯ ಒಲೆಗೆ ಸಗಣಿಯ ಕುಳ್ಳು ನೂಕುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಮಹಾನವಮಿಯ ಖಂಡೆಪೂಜೆಗೆ, ಎಂದರೆ ಆಯುಧಗಳನ್ನು ಪೂಜಿಸುವ ದಿನ, ಎಲ್ಲರೂ ಹೊಸ ಕತ್ತಿ ಹಿಡಿದು ಗೌಡರ ಪಡಸಾಲೆಗೆ ಬರುತ್ತಿದ್ದೆವು. ಕುಡಗೋಲು, ಕೊಡಲಿಗಳ ಪಕ್ಕದಲ್ಲಿ ನಮ್ಮ ತಗಡುಗಳಿಗೂ ಕುಂಕುಮ, ಚೆಂಡುಹೂವು. ನಿಯಮ ಒಂದೇ: ಕತ್ತಿ ಸಿನಿಮಾದಲ್ಲಿ ಇದ್ದಂತೆಯೇ ಇರಬೇಕು. ಹರಳೊಂದು ಹೆಚ್ಚಾದರೂ ಪೂಜೆಗೆ ಏರುವಂತಿರಲಿಲ್ಲ.

ಅದನ್ನು ತೀರ್ಮಾನಿಸುವವರು ಬಸವನ ಬಾಗೇವಾಡಿಯ ಗುರಪ್ಪನವರು. ದನದ ದವಾಖಾನೆಯ ಕಂಪೌಂಡರ್. ಬಡ ಸಂಸಾರ, ಮೆಲು ಮಾತು. ಆದರೆ ಒಮ್ಮೆ ನೋಡಿದ ಕತ್ತಿಯನ್ನು ಮರೆಯುತ್ತಿರಲಿಲ್ಲ. ‘ಎಡಕ್ಕ ಮೂರು ಹರಳು, ಬಲಕ್ಕ ಎರಡ ರೀ’ ಎಂದರೆ ಮುಗಿಯಿತು. ತಮ್ಮ ಕಣ್ಣೊಂದೇ ಅವರ ಹೆಮ್ಮೆ. ನನ್ನ ನಕ್ಷೆಗಳಲ್ಲೂ ಎರಡು ಸಲ ತಪ್ಪು ಹಿಡಿದಿದ್ದರು. ನಾನು ನಕ್ಕು ತಿದ್ದಿದ್ದೆ, ಆದರೆ ಮರೆತಿರಲಿಲ್ಲ — ಇದನ್ನೂ ಹೇಳಿಬಿಡಬೇಕು.

ಆ ವರ್ಷ ಸೊಲ್ಲಾಪುರದಲ್ಲಿ ಯುವರಾಜನೊಬ್ಬನ ಸಿನಿಮಾ ಬಂದಿತ್ತು. ‘ಅದು ನಮ್ಮ ಟೆಂಟಿಗೆ ಬರೋಮಟ ಯಾರ ಕಾಯ್ತಾರ? ಮಾಸ್ತರ, ನೀವ ಹೋಗಿ ನಕ್ಷಾ ತಗೊಂಡು ಬರ್ರಿ’ ಎಂದು ಗೌಡರು ನನ್ನನ್ನು ಕಳಿಸಿದರು. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮಧ್ಯಾಹ್ನದ ಆಟಕ್ಕೆ ಮುಂಚೆ ಅಷ್ಟನ್ನೂ ಮುಗಿಸಿದೆ. ಉಸುಕಿನ ಮೇಲೆ ಕುಳಿತು ಸಿನಿಮಾ ನೋಡಿದ ಮೈ. ಅಲ್ಲಿ ಬೆನ್ನಿಗೆ ಮೆತ್ತನೆಯ ಕುರ್ಚಿ, ತಲೆಯ ಮೇಲೆ ಫ್ಯಾನು. ಹೆಸರುಗಳು ಬಂದದ್ದು ನೆನಪಿದೆ. ಆಮೇಲೆ ಯಾರೋ ಭುಜ ಅಲುಗಿಸಿ, ಆಟ ಮುಗಿಯಿತು ಎದ್ದೇಳಿ ಎಂದರು.

ಇನ್ನೊಂದು ಆಟಕ್ಕೆ ನಿಂತರೆ ಬಸ್ಸಿಲ್ಲ. ಖಾಲಿ ಹಾಳೆ ಹಿಡಿದು ಸ್ಟ್ಯಾಂಡಿನಲ್ಲಿ ಕುಳಿತೆ. ಎದುರಿಗೆ ಭವಿಷ್ಯ ಹೇಳುವವನ ಗಿಣಿ ಪಂಜರದಿಂದ ಹೊರಬಂದು ಚೀಟಿ ಎತ್ತುತ್ತಿತ್ತು. ಕೈ ತಾನಾಗಿ — ಇಲ್ಲ, ಕೈ ತಾನಾಗಿ ಏನನ್ನೂ ಮಾಡುವುದಿಲ್ಲ. ನಾನೇ ಬರೆದೆ. ಹಿಡಿಕೆಯ ಮೇಲೆ ಗಿಣಿ, ರೆಕ್ಕೆ ಅರ್ಧ ತೆರೆದದ್ದು, ಕೊಕ್ಕು ಕೆಂಪು.

ಚೆನ್ನಾಗಿಯೇ ಬಂದಿತ್ತು. ಮೂರು ತಿಂಗಳಲ್ಲಿ ಎಲ್ಲರ ಗೋಡೆಯಿಂದಲೂ ನೇರ ಕತ್ತಿಗಳು ಇಳಿದು ಗಿಣಿಗಳು ಏರಿದವು. ಮೌನೇಶಪ್ಪನಿಗೆ ಹಸಿರು ಬಣ್ಣ ಸಾಲದಾಯಿತು. ಖಂಡೆಪೂಜೆಯ ದಿನ ಗೌಡರ ಪಡಸಾಲೆಯಲ್ಲಿ ಗಿಣಿಗಳ ಸಾಲು. ಗುರಪ್ಪನವರು ಮಾತ್ರ ಬರಿಗೈಯಲ್ಲಿ ಬಂದಿದ್ದರು.

‘ಮಾಸ್ತರ, ಸೊಲ್ಲಾಪುರಕ್ಕ ದವಾಖಾನಿ ಔಷಧ ತರಾಕ ಹೋದಾಗ ನಾನೂ ಆ ಪಿಚ್ಚರ್ ನೋಡೇನ್ರಿ. ಹಿಡಿಕಿ ಸಾದಾ ಇತ್ರಿ. ಗಿಣಿ ಇರ್ಲಿಲ್ರಿ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಹೊತ್ತು. ನಾನು ಮುಟ್ಟಿಕೊಳ್ಳಲಿಲ್ಲ. ಬಾಯಿ ತೆರೆದೆ.

‘ಕಂಪೌಂಡರ್ ಸಾಹೇಬ್ರ, ಎಮ್ಮಿ ಕಣ್ಣ ನೋಡೋದು ಬಿಟ್ಟು ಮೊದಲ ನಿಮ್ಮ ಕಣ್ಣ ತೋರಿಸ್ಕೊಂಡು ಬರ್ರಿ.’

ಎಲ್ಲರೂ ನಕ್ಕರು. ‘ಸಾಲಿ ಕಲಿಸೋ ಮಾಸ್ತರು ಸುಳ್ಳ ಹೇಳ್ತಾರೇನೋ ಗುರಪ್ಪ?’ ಎಂದರು ಗೌಡರು. ಗುರಪ್ಪನವರು ನನ್ನ ಮುಖವನ್ನೇ ನೋಡಿದರು. ನಂತರ ಹೋಳಿಗೆಯ ತಾಟನ್ನು ಹಾಗೇ ಬಿಟ್ಟು ಎದ್ದುಹೋದರು.

ಮಾತು ಊರೂರಿಗೆ ಹಬ್ಬಿತು. ಬಾಗೇವಾಡಿಯಲ್ಲಿ ದನ ಹೊಡೆದುಕೊಂಡು ಬಂದವರೂ ಕೇಳತೊಡಗಿದರಂತೆ: ‘ಸೂಜಿ ಎಲ್ಲಿ ಚುಚ್ಚಾಕತ್ತೀರಿ ಅಂತ ಕಾಣತೈತಿಲ್ರಿ?’ ಕೇಳಿ ನಾನೂ ನಕ್ಕೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಎಷ್ಟು ನಗಲು ಸಾಧ್ಯವೋ ಅಷ್ಟು.

ಮುಂದಿನ ಬೇಸಿಗೆಯಲ್ಲಿ ಅದೇ ಸಿನಿಮಾ ಇಂಡಿಯ ಟೆಂಟಿಗೆ ಬಂತು. ಎಲ್ಲರೂ ಮುಂದಿನ ಸಾಲಿನಲ್ಲಿ ಕುಳಿತೆವು, ಗುರಪ್ಪನವರೊಬ್ಬರನ್ನು ಬಿಟ್ಟು. ಯುವರಾಜ ಗುಡಿಯ ಮೆಟ್ಟಿಲ ಮೇಲೆ ಕತ್ತಿ ಇಟ್ಟ. ಪರದೆಯ ತುಂಬ ಹಿಡಿಕೆ. ಸಾದಾ ಹಿಡಿಕೆ. ಎಲ್ಲರ ಮುಖ ನನ್ನ ಕಡೆ ತಿರುಗಿತು. ದೇವರು ಕೊಟ್ಟ ಎರಡನೆಯ ಅವಕಾಶ ಅದು.

‘ಇದು ಬ್ಯಾರೆ ಕತ್ತಿ. ಗಿಣಿ ಇದ್ದ ರೀಲು ಕತ್ತರಿಸ್ಯಾರ’ ಎಂದೆ.

ಆಟ ಮುಗಿದ ಮೇಲೆ ಗೌಡರು ಟೆಂಟಿನವನ ಕೊರಳಪಟ್ಟಿ ಹಿಡಿದರು. ‘ಗಿಣಿ ಎಲ್ಲಿ ಮುಚ್ಚಿಟ್ಟೀದಿ, ಹೊರಗ ತಗಿ!’ ಆ ಬಡಪಾಯಿ ಕೈಮುಗಿದ: ‘ಈ ಪಿಚ್ಚರ್‌ನಾಗ ಆನಿ ಐತ್ರಿ ಗೌಡ್ರ, ಕುದರಿ ಐತ್ರಿ. ಗಿಣಿ ನಾ ಎಲ್ಲಿಂದ ತರ್ಲಿ?’ ಯಾರೂ ನಂಬಲಿಲ್ಲ.

ಅದಾದ ಕೆಲವು ತಿಂಗಳಿಗೆ, ಒಂದು ಭಾನುವಾರ, ಗುರಪ್ಪನವರು ಸಿಂದಗಿಯ ನನ್ನ ಮನೆಗೆ ಬಂದರು. ಮುಖದ ಮೇಲೆ ಕಪ್ಪು ಚೌಕಟ್ಟಿನ ಕನ್ನಡಕ.

‘ಮಿರಜಕ್ಕ ಹೋಗಿ ಕಣ್ಣ ತೋರಿಸ್ಕೊಂಡು ಬಂದೆ, ಮಾಸ್ತರ. ಸೊಲ್ಲಾಪುರದಾಗ ಆ ಪಿಚ್ಚರ್ ಮತ್ತ ಹಾಕಿದ್ರು. ನೋಡಿದೆ. ಗಿಣಿ ಐತ್ರಿ. ನಂದ ತಪ್ಪು.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುಖ ತೊಳೆಯಲು ಹಿತ್ತಿಲಿಗೆ ಹೋದರು. ಸುಮ್ಮನೆ ಎತ್ತಿ ಹಾಕಿಕೊಂಡೆ. ಗೋಡೆಯ ಕ್ಯಾಲೆಂಡರಿನ ಅಕ್ಷರ ಹೇಗಿತ್ತೋ ಹಾಗೇ ಕಂಡಿತು, ದೊಡ್ಡದಾಗಲಿಲ್ಲ, ಮಸುಕಾಗಲಿಲ್ಲ. ಸಾದಾ ಗಾಜು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ.

ತಿರುಗಿದರೆ ಬಾಗಿಲಲ್ಲಿ ಗುರಪ್ಪನವರು, ಮುಖದಿಂದ ನೀರು ಇಳಿಯುತ್ತಿತ್ತು. ನಾನು ಕನ್ನಡಕ ತೆಗೆದು ಕೊಟ್ಟೆ. ಅವರು ಒರೆಸಿ ಹಾಕಿಕೊಂಡರು. ಬಹಳ ಮೆಲ್ಲಗೆ ಕೇಳಿದರು:

‘ಈ ಸಲ ಖಂಡೆಪೂಜಿಗೆ ನಾನೂ ಬರ್ಲೇನ್ರಿ?’

ಆಗಲೂ ನಾನು ಹೇಳಲಿಲ್ಲ. ‘ಬರ್ರಿ ಬರ್ರಿ’ ಎಂದೆ, ದೊಡ್ಡಸ್ತಿಕೆಯಿಂದ.

ಬಂದರು. ಎಲ್ಲರಿಗಿಂತ ಚಂದದ ಗಿಣಿ ಅವರದೇ. ಗೌಡರು ಅಪ್ಪಿಕೊಂಡರು. ಎರಡು ಮೂರು ವರ್ಷಗಳಲ್ಲಿ ಡಕಾಯಿತರ ಸಿನಿಮಾಗಳು ಬಂದು ಎಲ್ಲರಿಗೂ ಬಂದೂಕಿನ ಹುಚ್ಚು ಹಿಡಿಯಿತು. ಗಿಣಿಗಳು ಅಟ್ಟ ಸೇರಿದವು. ಗುರಪ್ಪನವರು ಮಾತ್ರ ನಿವೃತ್ತರಾಗುವವರೆಗೂ ಆ ಸಾದಾ ಗಾಜನ್ನು ಮುಖದಿಂದ ಇಳಿಸಲಿಲ್ಲ. ಇಳಿಸಿದರೆ ಜನ ಕೇಳುತ್ತಿದ್ದರಲ್ಲ.

ಗುರಪ್ಪನವರೇ, ನಾನು ಆ ದಿನ ನಿದ್ದೆ ಮಾಡಿದ್ದೆ. ನಿದ್ದೆ ದೊಡ್ಡ ತಪ್ಪಲ್ಲ. ದೊಡ್ಡ ತಪ್ಪು ಆಮೇಲೆ ಎಚ್ಚರವಿದ್ದೇ ಮಾಡಿದ್ದು. ನಾಲ್ಕು ಜನರ ಜೊತೆ ಕೂರುವುದಕ್ಕಾಗಿ ನೀವು ಸುಳ್ಳು ಹೇಳಬೇಕಾಯಿತು. ನಿಮ್ಮ ಬಾಯಿಂದ ಬಂದರೂ ಅದು ನನ್ನ ಸುಳ್ಳು.

ಬರುವ ಖಂಡೆಪೂಜೆಗೆ ಅಂದು ನಕ್ಕವರಲ್ಲಿ ಉಳಿದವರನ್ನೆಲ್ಲ ಗೌಡರ ಪಡಸಾಲೆಗೆ ಕರೆದಿದ್ದೇನೆ. ನೀವೂ ಬನ್ನಿ. ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ. ಗೌಡರಿಗೆ ಈಗ ಕಿವಿ ಮಂದ. ಒಂದು ಸಲ ಹೇಳಿದರೆ ಕೇಳಿಸುವುದಿಲ್ಲ, ಕೂಗಿ ಎರಡು ಮೂರು ಸಲ ಹೇಳಬೇಕಾದೀತು, ಓಣಿಗೆಲ್ಲ ಕೇಳಿಸೀತು. ಹೇಳುತ್ತೇನೆ.