ಪೋಲ್ಯಾ ಗಿಡಗಳನ್ನು ನೀರಿಗಿಳಿಸಿದ್ದು

ಪೋಲ್ಯಾ ಸ್ಲೋಕನ್ ಕಣಿವೆಯಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಮ ಬೀಳಲಿ, ಗುಡ್ಡ ಜರಿಯಲಿ, ಬಸ್ಸು ಎಂಟಕ್ಕೆ ಬಂದೇ ಬರುತ್ತಿತ್ತು. ತಡಮಾಡಿದ ಮಕ್ಕಳಿಗಷ್ಟೇ ಅಲ್ಲ, ಅವರ ಅಪ್ಪಂದಿರಿಗೂ ಮಂಗಳಾರತಿ ಆಗುತ್ತಿತ್ತು. ಗಾಂಜಾವನ್ನು ಅವಳು ಒಂದು ದಿನವೂ ಸೇದಿದವಳಲ್ಲ. ಆದರೂ ಗಂಡ ಯೆಫಿಮ್ ಸತ್ತ ಮೇಲೆ ಅವನ ಗಾಂಜಾ ಗಿಡಗಳನ್ನು ನೆಲಮಾಳಿಗೆಯ ದೀಪದ ಕೆಳಗೆ ಮಕ್ಕಳ ಹಾಗೆ ಸಾಕಿದಳು.

ಕಾಯಿದೆ ಒಪ್ಪದ ಕಾಲದಲ್ಲೇ ಯೆಫಿಮ್ ಕದ್ದುಮುಚ್ಚಿ ಮಾಡಿಕೊಂಡ ತಳಿ ಅದು. ಬೀಜವಿಲ್ಲ, ಕಡ್ಡಿ ಮುರಿದು ಕಡ್ಡಿ ನೆಟ್ಟು ಇಪ್ಪತ್ತಾರು ವರ್ಷದಿಂದ ಬದುಕಿ ಬಂದದ್ದು. ಎಲೆ ಮುಟ್ಟಿದರೆ ಹುಳಿ ಸೇಬಿನ ವಾಸನೆ, ಯೆಫಿಮನ ಅಂಗಿಯದೂ ಅದೇ. ಈಗ ಕಾಯಿದೆ ಮನೆಗೆ ನಾಲ್ಕು ಗಿಡ ಬಿಡುತ್ತದೆ. ಅವಳ ನಾಲ್ಕೂ ಅದೇ ತಳಿ. ಇವು ಹೋದರೆ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಅವಳು ತಿಳಿದಿದ್ದಳು.

ಯೆಫಿಮ್ ಮಣ್ಣಿನ ಕಡೆಯವನು. ರಸ್ತೆಯಾಚೆ ಇರುವ ಅವನ ತಮ್ಮ ತಿಮೊಫೇ ನೀರಿನ ಕಡೆಯವನು: ಮಣ್ಣಿನ ಸೋಂಕಿಲ್ಲದೆ, ಬಕೆಟ್ಟಿನ ನೀರಿಗೆ ಪೋಷಕ ಲವಣ ಬೆರೆಸಿ, ಪಂಪಿನಿಂದ ಗಾಳಿಯೂದಿ ಬೆಳೆಸುವವನು. ಅಣ್ಣತಮ್ಮಂದಿರ ಈ ಜಗಳ ಇಪ್ಪತ್ತು ವರ್ಷ ನಡೆದು, ಅಣ್ಣನ ಶವಪೆಟ್ಟಿಗೆ ಗುಂಡಿಗಿಳಿದಾಗಷ್ಟೇ ನಿಂತಿತು. ನಿಂತಿತು ಎಂದು ಕಣಿವೆಯ ನಾವೆಲ್ಲ ಅಂದುಕೊಂಡಿದ್ದೆವು.

ಈ ವಸಂತದಲ್ಲಿ, ಪೋಲ್ಯಾ ಬಡಿಸಿದ ಬೋರ್ಷ್ ಸಾರು ಕುಡಿಯುತ್ತಾ ತಿಮೊಫೇ ಮತ್ತೆ ಅದೇ ಮಾತು ತೆಗೆದ.

"ಅತ್ತಿಗೆ, ಎರಡು ಕಡ್ಡಿ ತಗೊ. ಒಂದು ಮಣ್ಣಿಗೆ, ಒಂದು ನೀರಿಗೆ. ಯಾವುದು ಗೆಲ್ಲುತ್ತೋ ನೋಡೇ ಬಿಡೋಣ."

"ಸತ್ತವನ ಮೇಲೂ ಪಂಥ ಕಟ್ತೀಯೇನೋ, ನಾಚಿಕೆಗೆಟ್ಟವನೆ?"

"ನಿನಗೆ ಮಂಡಿನೋವು. ಮಣ್ಣಿನ ಮೂಟೆ ಇನ್ನೆಷ್ಟು ವರ್ಷ ಹೊರ್ತೀಯ?"

ಮಂಡಿಯ ಮಾತು ನಾಟಿತು. ನಾಲ್ಕರ ಲೆಕ್ಕ ಮೀರದಂತೆ ಎರಡು ಹಳೆಯ ಗಿಡ ಕಿತ್ತು, ಆ ಜಾಗಕ್ಕೆ ಎರಡು ಕಡ್ಡಿ ಇಟ್ಟಳು. ಆರು ವಾರದಲ್ಲಿ ನೀರಿನ ಗಿಡ ಸೊಂಟದೆತ್ತರ, ಮಣ್ಣಿನದು ಮೊಣಕಾಲೆತ್ತರ. ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನುವ ಜಾಯಮಾನ ಪೋಲ್ಯಾಳದಲ್ಲ. ತಾಯಿ ಗಿಡದ ಸಮೇತ ಉಳಿದ ಮೂರರ ಬೇರನ್ನೂ ತೊಳೆದು ನೀರಿಗಿಳಿಸಿದಳು. ಆದರೆ ಬರೀ ಲವಣದ ನೀರಿನಲ್ಲಿ ಗಿಡ ಹಸಿದಿರುತ್ತದೆ ಎಂದುಕೊಂಡಳು. ಯೆಫಿಮ್ ಮಣ್ಣಿಗೆ ಹಾಕುತ್ತಿದ್ದ ಗೊಬ್ಬರದ ಬಗ್ಗಡವನ್ನೇ ಸೋಸಿ, ಬಕೆಟ್ಟಿಗೆ ಒಂದೊಂದು ಲೋಟ ಸುರಿದಳು. ನೀರಲ್ಲಿ ಗೊಬ್ಬರ ಕೊಳೆಯುತ್ತದೆಂದು ಅರಿಯದ ಮಣ್ಣಿನ ಮನೆಯವರಲ್ಲದೆ ಬೇರಾರೂ ಹೀಗೆ ಮಾಡಲಾರರು.

ನಾಲ್ಕನೆಯ ಬೆಳಿಗ್ಗೆ ಇಳಿದು ನೋಡಿದರೆ ನಾಲ್ಕೂ ತಲೆಬಾಗಿ ನಿಂತಿವೆ. ಮುಚ್ಚಳ ಎತ್ತಿದಳು. ಬೇರುಗಳು ಕಂದು ಲೋಳೆಯಾಗಿದ್ದವು, ಕೈಯಲ್ಲಿ ಹಿಡಿದರೆ ಕಳಚಿ ಬಂದವು. ಕೊಳೆತ ನಾತ. ಮುರಿದು ನೆಡಲು ಒಂದು ಹಸಿ ಕಡ್ಡಿಯೂ ಉಳಿದಿರಲಿಲ್ಲ. ಸೇಬಿನ ವಾಸನೆ ಇಲ್ಲವೇ ಇಲ್ಲ.  

ಪೋಲ್ಯಾ ಬೇರಿನ ಮುದ್ದೆಯನ್ನು ಮುಷ್ಟಿಯಲ್ಲಿ ಹಿಡಿದೇ ರಸ್ತೆ ದಾಟಿ ತಿಮೊಫೇಯ ಬಾಗಿಲು ಗುದ್ದಿದಳು. "ನಾನೇ ಕೊಂದೆ ಕಣೋ! ಬಗ್ಗಡ ಸುರಿದುಬಿಟ್ಟೆ!"

ತಿಮೊಫೇ ಆ ಮುದ್ದೆ ನೋಡಿ ಬಿಳುಚಿಕೊಂಡ. ಅವಳನ್ನು ತನ್ನ ನೆಲಮಾಳಿಗೆಗೆ ಕರೆದೊಯ್ದು, ಮೂಲೆಯ ಪರದೆ ಸರಿಸಿದ. ದೀಪದ ಕೆಳಗೆ ಕುಂಡದಲ್ಲಿ ಒಂದು ಗಿಡ. ಕುಂಡದ ತುಂಬ ಕಪ್ಪು ಮಣ್ಣು. ಹುಳಿ ಸೇಬಿನ ವಾಸನೆ ಮೂಗಿಗೆ ಬಡಿದದ್ದೇ ಪೋಲ್ಯಾ ಎಲೆ ಮುಟ್ಟಿ ನೋಡಿದಳು.

"ಆಸ್ಪತ್ರೆಗೆ ಹೋಗೋ ಮುಂಚೆ ಅಣ್ಣನೇ ಕೊಟ್ಟ. ಮಣ್ಣಲ್ಲೇ ಇಡು ಅಂದ."

"ಮಣ್ಣಲ್ಲಿ... ನೀನು?"

"ಮೂರು ಸಲ ಕಡ್ಡಿ ಮುರಿದು ನೀರಿಗಿಟ್ಟೆ. ಎರಡು ತಿಂಗಳು ಹುಲುಸಾಗಿ ಬರುತ್ತೆ, ಆಮೇಲೆ ಬೇರು ಹೀಗೇ ಕೊಳೆಯುತ್ತೆ. ಬಗ್ಗಡ ಬೇಗ ಕೊಳೆಸಿತು ಅಷ್ಟೇ, ಅದನ್ನ ಹಾಕದೇನೇ ನನ್ನ ಮೂರೂ ಸತ್ತವು. ನಿನ್ನ ತಪ್ಪಲ್ಲ ಅತ್ತಿಗೆ."

ಪೋಲ್ಯಾ ಮುಷ್ಟಿಯ ಮುದ್ದೆಯನ್ನು ಅವನ ಕಾಲ ಬಳಿ ಎಸೆದಳು. 

"ಗೊತ್ತಿದ್ದೂ ನನ್ನ ಕೈಲಿ ನೀರಿಗೆ ಇಡಿಸಿದ್ಯಾ?"

"ನಿನ್ನ ಕೈಗಾದ್ರೂ ಒಲಿಯುತ್ತೇನೋ ಅಂತ. ಒಂದು ಸಲ, ಒಂದೇ ಒಂದು ಸಲ ಅವನು ಸೋಲಲಿ ಅಂತ." ಅರವತ್ತೆಂಟರ ಮುದುಕ ಗಳಗಳ ಅಳತೊಡಗಿದ.

ಪೋಲ್ಯಾ ಅಳಲಿಲ್ಲ. ಕುಂಡವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು.

"ಒಂದು ಕಡ್ಡಿ ಬಿಟ್ಟು ಹೋಗು ಅತ್ತಿಗೆ. ನನಗೂ ಅಣ್ಣನೇ ಅವನು."

"ಮೂರನ್ನು ನೀನು ಕೊಂದೆ, ನಾಲ್ಕನ್ನು ನನ್ನ ಕೈಲಿ ಕೊಲ್ಲಿಸಿದೆ," ಅಂದಳು ಪೋಲ್ಯಾ, ತಿರುಗದೆಯೇ. "ಇನ್ನು ಇದರ ಒಂದೆಲೆನೂ ನಿನಗೆ ಸಿಗಲ್ಲ."