ಕಣ್ಣಿನ ಹನಿ ಗುಳಿಗೆಯಲ್ಲ

ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ಅತ್ತೆ ಆ ಮಾತು ಹೇಳಿದಳೋ, ನಾನೇ ಆಮೇಲೆ ಕಟ್ಟಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಅದನ್ನು ನಂಬುವುದು ಬಿಟ್ಟಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ನ್ಯಾಮತಿಯಲ್ಲಿ ರವಿಕೆ ಹೊಲಿಯುತ್ತಾಳೆ. ಆಸ್ತಮಾ ಹಳೆಯದು. ಎದೆ ಬಿಗಿದರೆ ಇನ್‌ಹೇಲರನ್ನು, ಅವಳ ಬಾಯಲ್ಲಿ ಪಂಪನ್ನು, ಎರಡು ಸಲ ಎಳೆದುಕೊಂಡು ಮತ್ತೆ ಮಷೀನಿಗೆ ಕೂರುತ್ತಿದ್ದಳು. ಆ ಚಳಿಗಾಲದಲ್ಲಿ ಪಂಪು ಕೆಲಸ ಮಾಡುವುದನ್ನೇ ಬಿಟ್ಟಿತು. ಒಂದು ತೋಳು ಹಚ್ಚುವಷ್ಟರಲ್ಲಿ ಮೂರು ಸಲ ನಿಂತು ಉಸಿರಿಗೆ ಒದ್ದಾಡುತ್ತಿದ್ದಳು.

ಹೊನ್ನಾಳಿಯ ಡಾಕ್ಟರ ಬಳಿ ನಾನೇ ಕರೆದೊಯ್ದೆ. ಅವರು ತಲೆ ಎತ್ತದೆ ಕೇಳಿದರು: "ಬೇರೆ ಗುಳಿಗೆ ಏನಾದ್ರು ತಗೋತೀರೇನಮ್ಮಾ?"

"ಒಂದೂ ಇಲ್ರೀ."

"ಹಂಗಾದ್ರೆ ಪಂಪ್ ಎಳ್ಕೊಳ್ಳಾಕೆ ಬರಲ್ಲ ನಿಮಗೆ. ಅಷ್ಟೇ."

ಎಲ್ಲವನ್ನೂ ಪ್ರಶ್ನಿಸುತ್ತೇನೆಂದು ಬೀಗುವ, ವಿಶ್ವವಿದ್ಯಾಲಯದಲ್ಲಿ ಓದಿದ ನಾನು ಹೌದು ಹೌದೆಂದು ತಲೆಯಾಡಿಸಿದೆ. ಬಸ್ ನಿಲ್ದಾಣದಲ್ಲಿ ನಿಂತು ಅವಳಿಗೆ ಪಂಪು ಹಿಡಿಯುವ ಪಾಠ ಬೇರೆ ಮಾಡಿದೆ.

"ಹನ್ನೆರಡು ವರ್ಷದಿಂದ ಎಳೀತಿದೀನಿ. ಈಗ ನೀನು ಕಲಿಸಾಕೆ ಬಂದ್ಯೇನಲೇ, ಮೇಷ್ಟ್ರೇ?" ಎಂದು ಏದುಸಿರಿನಲ್ಲೇ ಛೇಡಿಸಿದಳು. ಆಮೇಲೆ, ನೆನಪು ನಿಜವಾದರೆ, "ಕಣ್ಣಿಗೆ ಹನಿ ಬಿಟ್ಕಂಡ ಮ್ಯಾಲೆ ಬಾಳ ಬಿಗೀತೈತೆ" ಎಂದಳು.

"ಕಣ್ಣಿಗೂ ಎದೆಗೂ ಏನತ್ತೆ ಸಂಬಂಧ?" ಎಂದು ನಕ್ಕೆ.

ವಾರದೊಳಗೆ ಅವಳ ತುಟಿ ನೀಲಿಯಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಜಗಳೂರು ಕಡೆಯ ನರ್ಸೊಬ್ಬಳು ಬೇರೆ ಥರ ಕೇಳಿದಳು: "ಕಣ್ಣಿಗೆ, ಮೂಗಿಗೆ, ಮೈಗೆ ಏನಾದ್ರು ಹಾಕ್ಕೊಂತೀರೇನಮ್ಮಾ?" ಆಗ ಹನಿಯ ವಿಷಯ ಹೊರಬಂತು. ಕಣ್ಣಿನ ಒತ್ತಡಕ್ಕೆಂದು ಚಳಿಗಾಲದ ಶುರುವಿನಲ್ಲಿ ಚನ್ನಗಿರಿಯ ಕಣ್ಣಿನ ಡಾಕ್ಟರು ಕೊಟ್ಟ ಆ ಹನಿ ಮೂಗಿಗಿಳಿದು, ರಕ್ತ ಸೇರಿ, ಪಂಪಿನ ಔಷಧಿ ಸಡಿಲಿಸಬೇಕಿದ್ದ ಶ್ವಾಸನಾಳವನ್ನೇ ಬಿಗಿಯುತ್ತಿತ್ತು. ಹನಿ ಕೊಟ್ಟವರು ಉಸಿರಿನ ಬಗ್ಗೆ ಕೇಳಲಿಲ್ಲ. ಎದೆ ನೋಡಿದವರು ಗುಳಿಗೆ ಎಂದಷ್ಟೇ ಕೇಳಿದರು. ನಮ್ಮ ಕಡೆ ನುಂಗುವುದು ಮಾತ್ರ ಗುಳಿಗೆ. ಅತ್ತೆ ಸುಳ್ಳು ಹೇಳಿರಲಿಲ್ಲ. ಆದರೂ ಪಂಪು ಎಳೆಯಲು ಬಾರದ ದಡ್ಡಿ ಅವಳಾದಳು!

ವೈದ್ಯರು ಹನಿ ಬದಲಿಸಿದರು. ಪಂಪು ಮತ್ತೆ ಹಿಡಿಯಿತು. ಅತ್ತೆ ಈಗ ಹೊಲಿಯುತ್ತಾಳೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ, ಅದರಲ್ಲಿ ಹೆಚ್ಚಿನ ಪಾಲು ನನ್ನ ಮೇಲೆಯೇ. ಬಸ್ ನಿಲ್ದಾಣದಲ್ಲಿ ನಿಜವಾಗಿ ಹೇಳಿದ್ದೆಯಾ ಎಂದು ಕೇಳಿದೆ.

"ಹೇಳಿದ್ನೋ ಏನೋ. ಉಸ್ರಿದ್ರೆ ತಾನೇ ನೆನಪಿರಾದು?"

ಹಳೆಯ ಹನಿಯ ಡಬ್ಬಿಯಲ್ಲಿ ಅವಳು ಈಗ ರವಿಕೆಯ ಹುಕ್ಕು ತುಂಬಿಟ್ಟಿದ್ದಾಳೆ. ತಳದಲ್ಲಿ ಔಷಧಿಯ ಜೊತೆ ಬಂದಿದ್ದ ಮಡಿಸಿದ ಚೀಟಿ ಹಾಗೇ ಇತ್ತು. ಬಿಡಿಸಿ ಎರಡು ಸಲ ಓದಿದೆ. ಆಸ್ತಮಾ ಇರುವವರು ಬಳಸಬಾರದು ಎಂದು ಅದರಲ್ಲಿ ಅಚ್ಚಾಗಿದೆ, ಇಂಗ್ಲಿಷಿನಲ್ಲಿ.