ಹಳೆ ಮಸ್ಟಾಂಗಿನ ಜಾತಕ

ವಸ್ತು ಇಷ್ಟವಾದಷ್ಟೂ ನನ್ನ ಮುಖ ಕಹಿಯಾಗುತ್ತದೆ. ಇದು ರೋಗವಲ್ಲ, ಚೌಕಾಶಿಯ ಅಭ್ಯಾಸ. ದೋಹಾ ಅಲ್ ಜದೀದಾದಲ್ಲಿ ನನ್ನ ಸ್ಪೇರ್‌ಪಾರ್ಟ್ ಅಂಗಡಿ ಎದ್ದು ನಿಂತದ್ದೇ ಈ ಮುಖದಿಂದ. ಹೆಣ್ಣು ನೋಡಲು ಹೋದ ದಿನವೂ ಹಾಗೇ ಕೂತಿದ್ದೆನಂತೆ. ಮಾವನವರು ಹೆದರಿ ಇನ್ನೊಂದು ತಟ್ಟೆ ಸಮೋಸ ತರಿಸಿದ್ದರು.

ಕಳೆದ ಚಳಿಗಾಲದಲ್ಲಿ ಉಡುಪಿಯ ವಿಲ್ಫಿ ಅಂಗಡಿಗೆ ಬಂದ. ಮುಶೈರಿಬ್‌ನಲ್ಲಿ ಒಬ್ಬ ಹಿರಿಯ ಕತಾರಿಯ ಆಫೀಸಿನಲ್ಲಿ ಗುಮಾಸ್ತ. ಸುಳ್ಳು ಹೇಳಲು ಬಾರದ ಪ್ರಾಣಿ. ಆ ಯಜಮಾನರು ಹರೆಯದಲ್ಲಿ ಒಂದು ಮಸ್ಟಾಂಗ್ ಕಾರು ಇಟ್ಟಿದ್ದರು. ಮಕ್ಕಳಾದ ಮೇಲೆ ಮಾರಿದರು, ಮಾರಿದಂದಿನಿಂದ ಹುಡುಕುತ್ತಿದ್ದರು. ಈಗ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಅಂಥದೇ ಒಂದು ಮಾರಾಟಕ್ಕಿದೆ. ಮೊಣಕಾಲಿನ ಆಪರೇಷನ್ ಆಗಿ ಯಜಮಾನರು ಮನೆಯಲ್ಲೇ ಇದ್ದಾರೆ.

“ಅದೇ ಗಾಡಿಯಾದ್ರೆ ಈಗಲೇ ತಗೊಳ್ಬೇಕಂತೆ, ಅಲ್ಲದಿದ್ರೆ ಬೇಡವಂತೆ. ಸಂಜೆಗೆ ಅದನ್ನು ತಗೊಳ್ಳಿಕ್ಕೆ ಕುವೈತಿನವ ಒಬ್ಬ ಬರ್ತಾನೆ. ನೀವೇ ನೋಡ್ಬೇಕು ಹಮೀದ್ ಭಾಯ್,” ಎಂದ ವಿಲ್ಫಿ. ಯಜಮಾನರು ಮಾರಿದ ಗಾಡಿಯ ನಂಬರಿದ್ದ ಹಳೆಯ ನೋಂದಣಿ ಕಾರ್ಡಿನ ಫೋಟೋ ಅವನ ಮೊಬೈಲಿನಲ್ಲಿತ್ತು.

ನೀವೂ ಎಂದಾದರೂ ಇಂಥ ಗಾಡಿ ನೋಡಲು ಹೋದೀರಿ, ಕೇಳಿಟ್ಟುಕೊಳ್ಳಿ. ಬಣ್ಣಕ್ಕೆ ಮರುಳಾಗಬೇಡಿ, ಬಣ್ಣ ಬಳಿದದ್ದು ಯಾವಾಗಲೋ, ಯಾರೋ. ಡ್ರೈವರ್ ಬಾಗಿಲಿನ ತಗಡನ್ನೂ ಪೂರ್ತಿ ನಂಬಬೇಡಿ. ಫ್ಯಾಕ್ಟರಿ ಕೊಟ್ಟ ಬಣ್ಣ, ಸೀಟು, ಗೇರು ಎಲ್ಲದರ ಸಂಕೇತ ಅದರಲ್ಲಿರುತ್ತದೆ ನಿಜ, ಆದರೆ ಹೊಸ ತಗಡು ಹೊಡೆಸಿ ರಿವೆಟ್ ಹಾಕುವ ಕೈಗಳೂ ಇವೆ. ಬಾನೆಟ್ ಎತ್ತಿ, ಎಡ ಮಡ್‌ಗಾರ್ಡಿನ ಒಳಗೋಡೆಯನ್ನು ಉಜ್ಜಿ ನೋಡಿ. ಅಲ್ಲಿ ಲೋಹಕ್ಕೇ ಕೊರೆದ ನಂಬರ್ ಇರುತ್ತದೆ. ಅದರ ಐದನೆಯ ಅಕ್ಷರ ಇಂಜಿನ್ನಿನದು. ಬಡಪಾಯಿ ಆರು ಸಿಲಿಂಡರಿನ ಗಾಡಿ ಎಂಟರ ವೇಷ ಹಾಕಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನಮ್ಮೂರ ಜೋಯಿಸರು ಬರೆದ ಜಾತಕಗಳು ಇಷ್ಟು ಚುಟುಕಾಗಿದ್ದರೆ ಎಷ್ಟೋ ಮದುವೆ ಮಾತುಕತೆಗಳು ಬೇಗ ಮುಗಿಯುತ್ತಿದ್ದವು.

ಗ್ಯಾರೇಜಿನ ಮೊಯ್ದು ಕಾಸರಗೋಡಿನವ. ಅದೇ ತೊಂದರೆ. ದೋಹಾದಲ್ಲಿ ವ್ಯಾಪಾರದ ಗುಟ್ಟು ಮಾತಾಡಲು ಕನ್ನಡದಷ್ಟು ಭದ್ರವಾದ ಪೆಟ್ಟಿಗೆ ಇನ್ನೊಂದಿಲ್ಲ, ಆದರೆ ಕಾಸರಗೋಡಿನವನ ಮುಂದೆ ಅದು ತೆರೆದ ಪೆಟ್ಟಿಗೆ. ತುಳು, ಬ್ಯಾರಿ, ಮಲಯಾಳ ಯಾವುದೂ ನಡೆಯದು. ಉಳಿದದ್ದು ವಿಲ್ಫಿಯ ಕೊಂಕಣಿ. ಅದು ನನಗೆ ಬಾರದು.

ಟಾರ್ಚ್ ಹಿಡಿದು ಬಗ್ಗಿದೆ. ಗ್ರೀಸ್ ಒರೆಸುತ್ತ ಹೋದಂತೆ ಒಂದೊಂದೇ ಅಂಕೆ ಎದ್ದಿತು. ಮೊಬೈಲ್ ನೋಡಿದೆ, ಲೋಹ ನೋಡಿದೆ. ಕೊನೆಯ ಅಂಕೆಗೆ ತುಕ್ಕು ಹಿಡಿದಿತ್ತು. ಉಗುರಿನಿಂದ ಕೆರೆಯುವಾಗ ಎದೆ ಹೊಡೆದುಕೊಂಡ ಸದ್ದು ಮೊಯ್ದುವಿಗೂ ಕೇಳೀತೆಂದು ಕೆಮ್ಮಿದೆ. ಅದೂ ಕೂಡಿಬಂತು. ಅದೇ ಗಾಡಿ!

ಮುಖ ತನ್ನ ಕೆಲಸ ಶುರುಮಾಡಿತು. “ಎಂತ ಮಾರಾಯ ಇದು, ಗುಜರಿ! ಇದಕ್ಕೆ ನನ್ನನ್ನು ಇಷ್ಟು ದೂರ ಕರ್ಕೊಂಡು ಬಂದದ್ದಾ? ನಡಿ ವಿಲ್ಫಿ,” ಎಂದೆ.

ಮೊಯ್ದು ಇನ್ನೇನು ಬೆಲೆ ಇಳಿಸಬೇಕು, ಅಷ್ಟರಲ್ಲಿ ವಿಲ್ಫಿ ಫೋನ್ ಕಿವಿಗಿಟ್ಟು, “ನಾಟ್ ಯುವರ್ ಕಾರ್, ಸರ್. ಸಾರಿ,” ಎಂದೇಬಿಟ್ಟ. ಆ ಕಡೆಯಿಂದ ಯಜಮಾನರು ತೀರಾ ಸಣ್ಣ ಸ್ವರದಲ್ಲಿ “ಖಲಾಸ್”, ಮುಗಿಯಿತು, ಎಂದದ್ದು ನನಗೂ ಕೇಳಿತು. ಫೋನ್ ಕಟ್ಟಾಯಿತು.

“ಅದೇ ಗಾಡಿ ಮಾರಾಯ! ನಂಬರ್ ಸರಿ ಉಂಟು, ಫೋನ್ ಮಾಡು!” ನನ್ನ ಕೂಗಿಗೆ ಇಡೀ ಗ್ಯಾರೇಜ್ ತಿರುಗಿ ನೋಡಿತು.

“ಮತ್ತೆ ಗುಜರಿ ಅಂದ್ರಿ?” ವಿಲ್ಫಿ ಬೆಪ್ಪಾದ.

“ಹಮೀದಿಚ್ಚಾ, ಇನ್ನು ಒಂದು ರಿಯಾಲೂ ಕಡಿಮೆ ಇಲ್ಲ,” ಎಂದು ಮೊಯ್ದು ನಕ್ಕ.

ವಿಲ್ಫಿ ಒತ್ತಿದ. ಯಜಮಾನರು ಎತ್ತಲಿಲ್ಲ. ಮತ್ತೆ ಒತ್ತಿದ, ಇಲ್ಲ. ಅಷ್ಟರಲ್ಲಿ ಗೇಟಿನೊಳಗೆ ಕುವೈತ್ ನಂಬರಿನ ಜೀಪ್ ನುಗ್ಗಿತು, ಸಂಜೆಗೂ ಮೊದಲೇ. ಮೊಯ್ದು ಬಟ್ಟೆಗೆ ಕೈ ಒರೆಸಿಕೊಂಡು ಅತ್ತ ಹೊರಟ. ನಾನು ಅವನ ತೋಳು ಹಿಡಿದೆ. ಜೀವಮಾನದಲ್ಲಿ ಮೊದಲ ಸಲ, ಮಾರುವವನನ್ನು ಬೇಡಿಕೊಳ್ಳುತ್ತಿದ್ದೆ: “ಒಂದು ನಿಮಿಷ, ಮೊಯ್ದು. ಹೇಳಿದ ರೇಟೇ ಕೊಡ್ತೇವೆ.”

ಮೂರನೆಯ ಸಲ ಎತ್ತಿದರು. ನಂಬರನ್ನು ನಾನೇ ಓದಿ ಹೇಳಿದೆ. ಅವರು ಬೆಲೆ ಕೇಳಲಿಲ್ಲ. “ಸ್ಟಾರ್ಟ್ ಆಗುತ್ತದೆಯೇ?” ಎಂದರು. ಮೊಯ್ದು ಕೀ ತಿರುಗಿಸಿದ. ನಾನು ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದೆ. ಆ ಗುಡುಗಿನ ನಡುವೆ ಅವರೇನೋ ಹೇಳಿದರು, ಕೇಳಿಸಲಿಲ್ಲ. ಇಂಜಿನ್ ಆರಿಸಬೇಡಿ ಎಂದಿದ್ದಿರಬೇಕು. ಆರಿಸಲಿಲ್ಲ.

ಆದ್ದರಿಂದ ನನ್ನ ಕೊನೆಯ ಸಲಹೆ: ಇನ್ನೊಬ್ಬರಿಗಾಗಿ ಗಾಡಿ ನೋಡಲು ಹೊರಟಾಗ, ಅವರಿಗೆ ಬೇಕಾದದ್ದು ಕಡಿಮೆ ಬೆಲೆಯೋ, ಬರೀ ಗಾಡಿಯೋ ಎಂದು ಮೊದಲು ಕೇಳಿಕೊಳ್ಳಿ. ಆ ಸಂಕೇತವನ್ನು ಯಾವ ಫ್ಯಾಕ್ಟರಿಯೂ ಕೊರೆದು ಕಳಿಸುವುದಿಲ್ಲ.